ನನ್ನ ಮಗಳು ಎಡಗೈ ಯಾಕೆ ಎತ್ತಿದಳು

ಸ್ವಲ್ಪ ಉದ್ದದ ಬರಹ. ಬಿಡುವಿದ್ದಾಗ ಓದಿ. ಮನೇಲಿ ಬಸುರಿ ಹೆಣ್ಣುಮಕ್ಕಳು, ಹಸುಗೂಸು ಇರೋರು ಮಾತ್ರ ದಯವಿಟ್ಟು ಈಗಲೇ ಓದಿ.

ಏಪ್ರಿಲ್ 14ರ ಮೆರವಣಿಗೆಯ ಫೋಟೋ ಹಾಕಿದ್ದೆ. ನೀಲಿ ಬಾವುಟದ ಕೆಳಗೆ ನನ್ನ ಮಗಳು ಘೋಷಣೆ ಕೂಗ್ತಾ ಎಡಗೈ ಎತ್ತಿದ್ದಾಳೆ. ತುಂಬಾ ಜನ ಮೆಚ್ಚಿದ್ರಿ, ಖುಷಿಯಾಯ್ತು. ಒಬ್ಬ ಗೆಳೆಯರು ಕೆಳಗೆ ಬರೆದರು: "ಏನ್ ಸಾರ್, ಮಗಳ ಕೈಲೂ ಎಡಗೈ ಎತ್ತಿಸಿಬಿಟ್ರಾ? ಒಳಮೀಸಲಾತಿ ಸಂದೇಶಾನಾ?" ಇನ್ನೊಬ್ಬರು ಬಲಗೈ ಪರವಾಗಿ ಅವರಿಗೆ ಉತ್ತರ ಕೊಟ್ಟರು. ಆಮೇಲೆ ಮೂವತ್ತು ನಲವತ್ತು ಕಮೆಂಟು ಎಡಗೈ ಬಲಗೈ ಅಂತಲೇ ನಡೀತು. ನಾನು ಯಾವ ಕೈಯವನು ಅಂತ ಹುಡುಕಿದವರೂ ಇದ್ದರು.

ಗೆಳೆಯರೇ, ಅವಳು ಎಡಗೈ ಎತ್ತಿದ್ದು ಅವಳ ಬಲಗೈ ಮೇಲೆ ಹೋಗಲ್ಲ ಅಂತ. ಅಷ್ಟೇ ವಿಷಯ. ಭುಜದ ಮಟ್ಟಕ್ಕೆ ಬರುತ್ತೆ, ಅಲ್ಲಿಗೆ ನಿಲ್ಲುತ್ತೆ. ಹುಟ್ಟುವಾಗ ಆದ ಪೆಟ್ಟು. ಹದಿಮೂರು ವರ್ಷದಿಂದ ಇದನ್ನ ನಾನು ಎಲ್ಲೂ ಬರೆದಿಲ್ಲ. ಭೂಮಿ ಬಗ್ಗೆ ಬರೆದಿದ್ದೀನಿ, ಬಡ್ತಿ ಮೀಸಲಾತಿ ಬಗ್ಗೆ, ಸ್ಮಶಾನದ ಜಾಗದ ಬಗ್ಗೆ, ಹೋಟೆಲ್ ಲೋಟದ ಬಗ್ಗೆ ಬರೆದಿದ್ದೀನಿ. ನನ್ನ ಮನೆಯೊಳಗಿನ ಈ ಕೈ ಬಗ್ಗೆ ಮಾತ್ರ ಬರೆದಿಲ್ಲ. ಬರೆದರೆ ನನ್ನ ತಪ್ಪನ್ನೂ ಬರೀಬೇಕಾಗುತ್ತೆ. ಅದಕ್ಕೇ ಬರೆದಿರಲಿಲ್ಲ.

2012ರ ಅಕ್ಟೋಬರ್. ನಮ್ಮ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ. ರಾತ್ರಿ ಹತ್ತು ಗಂಟೆಗೆ ನನ್ನ ಹೆಂಡತಿಯನ್ನ ಒಳಗೆ ಕರ್ಕೊಂಡ್ರು. ಅವ್ವನನ್ನೂ ಬಾಗಿಲಲ್ಲೇ ನಿಲ್ಲಿಸಿದರು. ಆ ರಾತ್ರಿ ಒಳಗೆ ನಾಲ್ಕು ಜನ ಹೆರಿಗೆಗೆ ಇದ್ದರು. ನರ್ಸ್ ಒಬ್ಬರೇ, ಆಯಾ ಒಬ್ಬರು. ಡಾಕ್ಟರು ಫೋನಿನಲ್ಲಿ. ಬೆಳಗಿನ ಜಾವ ಮಗು ಅತ್ತಿದ್ದು ಕೇಳ್ತು. ಅದಕ್ಕೂ ಮೊದಲು ತುಂಬಾ ಹೊತ್ತು ನನ್ನ ಹೆಂಡತಿ ಕಿರುಚಿದ್ದು, ಒಳಗಿದ್ದವರು ಅವಳನ್ನ ಗದರಿದ್ದು ಕೇಳ್ತಾ ಇತ್ತು. ಅವ್ವ ನನ್ನ ಕೈ ಹಿಡ್ಕೊಂಡು, "ಸುಮ್ಕಿರಪ್ಪ, ಏನೂ ಅನ್ಬೇಡ. ಒಳಗೆ ನಮ್ಮ ಹೆಣ್ಣೈತೆ" ಅಂದಳು. ತಹಸೀಲ್ದಾರ್ ಕಚೇರಿ ಮುಂದೆ ಮೈಕ್ ಹಿಡಿದು ಮಾತಾಡೋನು ನಾನು, ಹೆರಿಗೆ ಕೋಣೆ ಬಾಗಿಲಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೆ.

ಆಯಾ ಮಗು ತಂದು ತೋರಿಸಿ ಕೈ ಚಾಚಿದರು. ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಲೆಕ್ಕ ಇತ್ತು. ಮುನ್ನೂರು ರೂಪಾಯಿ ಕೊಟ್ಟೆ. "ನಾಲ್ಕು ಕೆ.ಜಿ. ನೂರು ಗ್ರಾಮ್ ಅವಳೆ ಕಣಪ್ಪ, ರಾಣಿ ಹಂಗೆ" ಅಂದರು. ಕೇರಿಗೆಲ್ಲ ಹೇಳ್ಕೊಂಡು ತಿರುಗಿದೆ, ನಾಲ್ಕು ಕೆ.ಜಿ. ಮಗು ಅಂತ. ಮಗು ಅಷ್ಟು ದಪ್ಪ ಇದ್ದದ್ದೇ ಒಂದು ಎಚ್ಚರಿಕೆ ಆಗಬೇಕಿತ್ತು ಅಂತ ಅವತ್ತು ನನಗೆ ಯಾರು ಹೇಳಬೇಕಿತ್ತು? ಬಸುರಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಮಗು ದಪ್ಪ ಆಗುತ್ತೆ, ತಲೆ ಹೊರಗೆ ಬಂದ ಮೇಲೆ ಭುಜ ಸಿಕ್ಕಿಹಾಕಿಕೊಳ್ಳೋ ಸಾಧ್ಯತೆ ಜಾಸ್ತಿ. ನಮ್ಮ ತಾಯಿ ಕಾರ್ಡಿನಲ್ಲಿ ಸಕ್ಕರೆ ಪರೀಕ್ಷೆ ಬಗ್ಗೆ ಏನೂ ಬರೆದಿರಲಿಲ್ಲ. ನಾನೂ ನೋಡಿರಲಿಲ್ಲ. ದಿನಾ ಬೇರೆಯವರ ಅರ್ಜಿಯಲ್ಲಿ ಯಾವ ಕಾಲಂ ಖಾಲಿ ಇದೆ ಅಂತ ಹುಡುಕಿ ವಾಪಸ್ ಕಳಿಸೋ ಗುಮಾಸ್ತ ನಾನು.

ಮಧ್ಯಾಹ್ನ ಮಗುವನ್ನ ಬಟ್ಟೆ ಬಿಚ್ಚಿ ಮಲಗಿಸಿದಾಗ ಅವ್ವ ಮೊದಲು ನೋಡಿದ್ದು. ಎಡಗೈ ಒದ್ದಾಡ್ತಾ ಇದೆ, ಬಲಗೈ ಪಕ್ಕಕ್ಕೆ ಬಿದ್ದಿದೆ. ಮೊಣಕೈ ನೆಟ್ಟಗೆ, ತೋಳು ಒಳಕ್ಕೆ ತಿರುಗಿದೆ, ಮಣಿಕಟ್ಟು ಹಿಂದಕ್ಕೆ ಮಡಚಿದೆ. ಈ ಭಂಗಿಗೆ ಇಂಗ್ಲಿಷ್ ವೈದ್ಯ ಪುಸ್ತಕಗಳಲ್ಲಿ ಹೋಟೆಲ್ ಮಾಣಿ ಯಾರಿಗೂ ಕಾಣದ ಹಾಗೆ ಟಿಪ್ಸ್ ಇಸ್ಕೊಳ್ಳೋ ಕೈ ಅಂತ ಹೆಸರಿದೆಯಂತೆ. ಸರ್ಕಾರಿ ಕಚೇರಿಯವನು ನಾನು, ನನಗೆ ಬೇರೇದೇ ನೆನಪಾಯ್ತು. ನಮ್ಮಲ್ಲೂ ಕೆಲವರ ಕೈ ಹಾಗೇ ಹಿಂದಕ್ಕೆ ಚಾಚಿರುತ್ತೆ.

ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಕೇಳಿದೆ. ಕೇಸ್ ಶೀಟಿನಿಂದ ತಲೆ ಎತ್ತದೆ, "ಹೆರಿಗೆ ಟೈಮಲ್ಲಿ ಸ್ವಲ್ಪ ಹಿಡ್ಕೊಂಡಿರುತ್ತೆ. ಸರಿ ಹೋಗುತ್ತೆ" ಅಂದರು. ಎಷ್ಟು ದಿನಕ್ಕೆ ಸಾರ್ ಅಂದೆ. "ಹೋಗುತ್ತೆ ರೀ" ಅಂದರು. ಮೂರನೇ ದಿನ ಮಡಿಲು ಯೋಜನೆಯ ಬ್ಯಾಗು ಕೊಟ್ಟರು. ಸೊಳ್ಳೆಪರದೆ, ಹೊದಿಕೆ, ಸೋಪು ಎಲ್ಲ ಇತ್ತು. ಒಂದು ರಿಜಿಸ್ಟರಿನಲ್ಲಿ ಸಹಿ ಹಾಕು ಅಂದರು, ಹಾಕಿದೆ. ಓದಲಿಲ್ಲ.

ಇಲ್ಲಿಂದ ಮುಂದಕ್ಕೆ ನನ್ನ ತಪ್ಪು.

ನಮ್ಮ ಕೇರಿಯ ಆಶಾ ಕಾರ್ಯಕರ್ತೆ ಮೂರನೇ ದಿನ ಬಂದರು, ಏಳನೇ ದಿನ ಬಂದರು, ಹದಿನಾಲ್ಕನೇ ದಿನವೂ ಬಂದರು. ಹತ್ತನೇ ಕ್ಲಾಸು ಓದಿದ ಹೆಣ್ಣುಮಗಳು, ನನಗೆ ವರಸೆಯಲ್ಲಿ ತಂಗಿ ಆಗಬೇಕು. ಮಗು ತೂಕ ಹಾಕಿದರು, ಜೋಳಿಗೆಯಿಂದ ಇಳಿಸುವಾಗ ಮಗು ಬೆಚ್ಚಿತು. ಬೆಚ್ಚಿದಾಗ ಮಕ್ಕಳು ಎರಡೂ ಕೈ ಅಗಲಿಸ್ತವೆ. ನಮ್ಮ ಮಗು ಒಂದೇ ಕೈ ಎತ್ತಿತು. "ಅಣ್ಣ, ಇದು ಸರಿಯಿಲ್ಲ. ಜಿಲ್ಲಾಸ್ಪತ್ರೆಗೆ ತೋರ್ಸು" ಅಂದರು. ನಾನು ಏನಂದೆ ಗೊತ್ತಾ? "ಡಾಕ್ಟರೇ ಸರಿ ಹೋಗುತ್ತೆ ಅಂದವ್ರೆ, ನಿನಗೇನು ಗೊತ್ತವ್ವ?" ಅಂದೆ.

ನಮ್ಮವರ ಮಾತಿಗೆ ಬೆಲೆ ಇಲ್ಲ ಅಂತ ವೇದಿಕೆ ಮೇಲೆ ಗಂಟೆಗಟ್ಟಲೆ ಮಾತಾಡ್ತೀನಿ. ನಮ್ಮ ಕೇರಿಯ ಹೆಣ್ಣುಮಗಳು ಸರಿಯಾದದ್ದು ಹೇಳಿದಾಗ ಬೆಲೆ ಕೊಡದಿದ್ದವನು ನಾನೇ. ಬಿಳಿ ಕೋಟು ಹಾಕಿದವರು ತಲೆ ಎತ್ತದೆ ಹೇಳಿದ ಮಾತು ನನಗೆ ವೇದವಾಯ್ತು. ಮನುವಾದ ಎಲ್ಲಿರುತ್ತೆ ಅಂತ ಕೇಳೋರಿಗೆ ನಾನು ಈಗ ಈ ಉದಾಹರಣೆ ಕೊಡ್ತೀನಿ.

ಆಮೇಲೆ ಮನೆಯವರ ಸರದಿ. ಗ್ರಹಣದಲ್ಲಿ ಹೊರಗೆ ಬಂದಿದ್ದಳಾ ಅಂತ ಅವಳನ್ನ ಕೇಳಿದರು. ಯಾರ ದೃಷ್ಟಿ ಅಂದರು, ಯಾವ ಜನ್ಮದ ಕರ್ಮ ಅಂದರು. ಬಾಬಾಸಾಹೇಬರ ಫೋಟೋ ಗೋಡೆ ಮೇಲಿರೋ ಮನೆಯಲ್ಲಿ ಕೂತು ಇದನ್ನೆಲ್ಲ ಹೇಳಿದರು. ಹುಟ್ಟಿ ಹದಿನೈದು ದಿನದ ಕೂಸು ಯಾವ ಪಾಪ ಮಾಡಿತ್ತು? ಕರ್ಮ ಅನ್ನೋ ಮಾತು ಎಷ್ಟು ಅನುಕೂಲದ್ದು ನೋಡಿ. ಕೈ ಎಳೆದವರ ಹೆಸರು ಬರಲ್ಲ, ಹೇಳದೆ ಮುಚ್ಚಿಟ್ಟವರ ಹೆಸರು ಬರಲ್ಲ. ಕೂಸು, ಕೂಸಿನ ತಾಯಿ ಇಬ್ಬರೇ ಅಪರಾಧಿಗಳು.

ಮೂಳೆ ಜರುಗಿದೆ ಅಂತ ನಾಟಿ ವೈದ್ಯರ ಹತ್ರ ಕರ್ಕೊಂಡು ಹೋದ್ವಿ. ಅವರು ಕೈಯನ್ನ ಎಳೆದು, ಸೊಪ್ಪು ಅರೆದು ಹಚ್ಚಿ, ಬಿದಿರು ಪಟ್ಟಿ ಇಟ್ಟು ಕಟ್ಟಿದರು. ಮೂರು ವಾರ ಆ ಕಟ್ಟು ಇತ್ತು. ಬಿಚ್ಚಿದಾಗ ಕೈ ಮೊದಲಿಗಿಂತ ಬಿಗಿಯಾಗಿತ್ತು. ಅವರನ್ನೂ ಬಯ್ಯಲ್ಲ. ಅವರಿಗೆ ಮೂಳೆ ಗೊತ್ತು, ಇದು ಮೂಳೆಯ ವಿಷಯ ಆಗಿರಲಿಲ್ಲ.

ಹನ್ನೊಂದು ತಿಂಗಳಾದಾಗ, ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದವನು ಒಬ್ಬ ಕಾಮ್ರೇಡ್ ಬಲವಂತಕ್ಕೆ ಮಗುವನ್ನ ಒಬ್ಬ ಶಸ್ತ್ರತಜ್ಞರಿಗೆ ತೋರಿಸಿದೆ. ಅವರು ಮೊದಲ ಸಲ ನನ್ನನ್ನ ಎದುರಿಗೆ ಕೂರಿಸಿ, ಹಾಳೆ ಮೇಲೆ ಚಿತ್ರ ಬರೆದು ಹೇಳಿದರು. ಅದನ್ನ ನಿಮಗೂ ಹೇಳ್ತೀನಿ. ಒಂದು ಕೈಗೆ ಬೇಕಾದ ನರಗಳೆಲ್ಲ ಕತ್ತಿನ ಹತ್ರ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಡ್ತವೆ. ಹೆಣೆದ ಜಡೆ ಹಾಗೆ ಕೂಡಿ, ಬೇರೆಯಾಗಿ, ಕಾಲರ್ ಮೂಳೆ ಕೆಳಗಿಂದ ತೋಳಿಗೆ ಇಳೀತವೆ. ಮೇಲಿನ ಎರಡು ಬೇರು ಭುಜ ಎತ್ತೋಕೆ, ಮೊಣಕೈ ಮಡಚೋಕೆ. ಕೆಳಗಿನವು ಬೆರಳಿಗೆ, ಹಿಡಿತಕ್ಕೆ. ಹೆರಿಗೆಯಲ್ಲಿ ತಲೆ ಬಂದು ಭುಜ ತಾಯಿಯ ಮೂಳೆಗೆ ಸಿಕ್ಕಿಕೊಂಡಾಗ ತಲೆಯನ್ನ ಪಕ್ಕಕ್ಕೆ ಎಳೆದರೆ ಈ ಬೇರುಗಳು ಜಗ್ಗುತ್ತವೆ. ಬರೀ ಜಗ್ಗಿದ್ದರೆ ತಾನಾಗೇ ಸರಿಯಾಗುತ್ತೆ, ಬಹಳಷ್ಟು ಮಕ್ಕಳಿಗೆ ಆಗೋದೇ ಹಾಗೆ. ನರ ಹರಿದಿದ್ದರೆ, ಇಲ್ಲಾ ಬುಡದಿಂದಲೇ ಕಿತ್ತು ಬಂದಿದ್ದರೆ ತಾನಾಗಿ ಸರಿಯಾಗಲ್ಲ.

ಇದು ಯಾವುದು ಅಂತ ಮೊದಲ ದಿನ ಯಾರೂ ಹೇಳೋಕಾಗಲ್ಲ. ಅದಕ್ಕೇ ಕಾಯ್ತಾರೆ. ಆದರೆ ಕಾಯೋದಕ್ಕೂ ಲೆಕ್ಕ ಇದೆ. ಮೂರು ತಿಂಗಳೊಳಗೆ ಮಗು ಮೊಣಕೈ ಮಡಚಿ ಕೈ ಬಾಯಿಗೆ ತರೋಕೆ ಶುರು ಮಾಡಬೇಕು. ಮಾಡಲಿಲ್ಲ ಅಂದ್ರೆ ನರದ ಆಪರೇಷನ್ ಮಾಡೋ ತಜ್ಞರ ಹತ್ರ ಹೋಗಬೇಕು. ಕಾಲಿನಿಂದ ನರದ ತುಂಡು ತೆಗೆದು ಕತ್ತಿನಲ್ಲಿ ಸೇತುವೆ ಹಾಗೆ ಜೋಡಿಸ್ತಾರೆ. ಸಾಮಾನ್ಯವಾಗಿ ಅದನ್ನ ಮೂರರಿಂದ ಒಂಬತ್ತು ತಿಂಗಳೊಳಗೆ ಮಾಡ್ತಾರೆ. ಯಾಕೆ ಅಷ್ಟು ಅವಸರ? ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ, ಅಷ್ಟೇ. ಅದು ಕತ್ತಿನಿಂದ ತೋಳಿಗೆ ನಡೆದು ಮುಟ್ಟೋದ್ರೊಳಗೆ, ನರದ ದಾರಿ ಕಾದು ಕಾದು ಸ್ನಾಯು ಸೊರಗಿರುತ್ತೆ.

"ಮೂರು ತಿಂಗಳಲ್ಲಿ ಬಂದಿದ್ರೆ ಚೆನ್ನಾಗಿರ್ತಿತ್ತು" ಅಂದರು ಡಾಕ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ತಡ್ಕೋಬಹುದಿತ್ತು. ನನ್ನ ಹೆಂಡತಿ ಆಚೆ ಬಂದು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಮಗುವಿಗೆ ಹಾಲು ಕುಡಿಸಿದಳು. ಒಂದು ಮಾತೂ ಆಡಲಿಲ್ಲ. ವಾಪಸ್ ಬರೋ ಬಸ್ಸಲ್ಲಿ ಮಾತ್ರ, "ಆಶಾ ಹೇಳಿದ್ಲಲ್ವಾ" ಅಂದಳು.

ನಾಲ್ಕು ವರ್ಷಕ್ಕೆ ಬೇರೆ ಥರದ ಆಪರೇಷನ್ ಆಯ್ತು. ಬೆನ್ನಿನ ಕಡೆಯ ಸ್ನಾಯುವನ್ನ ತಂದು ಭುಜಕ್ಕೆ ಜೋಡಿಸಿದರು. ಆರು ವಾರ ಕೈ ಮೇಲಕ್ಕೆತ್ತಿದ ಭಂಗಿಯಲ್ಲೇ ಪಟ್ಟಿ ಹಾಕಿಟ್ಟಿದ್ದರು. ಅವ್ವ ಅವಳನ್ನ ನೋಡಿ, "ನನ್ ಮೊಮ್ಮಗಳು ಹಗಲೂ ರಾತ್ರಿ ಜೈಕಾರ ಹಾಕ್ತಾವ್ಳೆ" ಅಂತ ನಗಿಸ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಕೈ ಭುಜದ ಮಟ್ಟಕ್ಕೆ ಬಂತು. ಮೊದಲು ಅಷ್ಟೂ ಬರ್ತಿರಲಿಲ್ಲ.

ಹೆರಿಗೆ ಕೋಣೆಯೊಳಗೆ ಏನಾಯ್ತು ಅಂತ ನನ್ನ ಹೆಂಡತಿ ಹೇಳಿದ್ದು ಆ ಆರು ವಾರದಲ್ಲಿ, ಮಗುವಿಗೆ ಊಟ ಮಾಡಿಸ್ತಾ. ನಾಲ್ಕು ವರ್ಷ ಹೇಳಿರಲಿಲ್ಲ. ಜನನಿ ಸುರಕ್ಷಾ ದುಡ್ಡಿನ ಫಾರಂ ತುಂಬಿಸ್ತಾ ಜಾತಿ ಕೇಳಿದರಂತೆ. ಹೇಳಿದ ಮೇಲೆ, "ದುಡ್ಡು ಬರುತ್ತೆ ಅಂತ ಬಂದ್ಬಿಡ್ತೀರಾ" ಅಂದರಂತೆ. ನೋವಿಗೆ ಕಿರುಚಿದಾಗ, ಗಂಡನ ಪಕ್ಕ ಮಲಗುವಾಗ ಈ ನೋವು ಗೊತ್ತಿರಲಿಲ್ವಾ ಅಂದರಂತೆ. ಈ ಮಾತು ಕೇಳದ ಬಡ ಹೆಂಗಸು ನಮ್ಮ ಕಡೆ ಇದ್ದಾಳಾ? ಆಮೇಲೆ ಒಬ್ಬರು ಹೊಟ್ಟೆ ಮೇಲೆ ಮೊಣಕೈಯಿಂದ ಒತ್ತಿದರು, ಇನ್ನೊಬ್ಬರು ಎಳೆದರು. "ಟಕ್ ಅಂತು ಕಣ್ರೀ. ನಂಗೆ ಅವಾಗ್ಲೇ ಗೊತ್ತಾಯ್ತು" ಅಂದಳು. ಯಾಕೆ ಹೇಳಲಿಲ್ಲ ಅಂದೆ. "ಯಾರು ಕೇಳಿದ್ರು?" ಅಂದಳು.

ಮೇಲಿಂದ ಹೊಟ್ಟೆ ಒತ್ತಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಭುಜ ಸಿಕ್ಕಿಕೊಂಡಾಗ ಮಾಡಬೇಕಾದ್ದು ಬೇರೆ ಇದೆ. ತಾಯಿಯ ಎರಡೂ ತೊಡೆಯನ್ನ ಹೊಟ್ಟೆ ಕಡೆ ಚೆನ್ನಾಗಿ ಮಡಚಿ ಹಿಡೀಬೇಕು, ಕಿಬ್ಬೊಟ್ಟೆಯ ಮೂಳೆಯ ಮೇಲ್ಭಾಗದಲ್ಲಿ ಒತ್ತಿ ಮಗುವಿನ ಭುಜ ಜರುಗಿಸಬೇಕು, ಒಳಗೆ ಕೈಹಾಕಿ ಭುಜ ತಿರುಗಿಸಬೇಕು. ಇದಕ್ಕೆ ದುಬಾರಿ ಮೆಷಿನ್ ಬೇಕಿಲ್ಲ, ತರಬೇತಿ ಬೇಕು, ಇನ್ನೆರಡು ಜೊತೆ ಕೈ ಬೇಕು. ನಾಲ್ಕು ಹೆರಿಗೆಗೆ ಒಬ್ಬ ನರ್ಸ್ ಇದ್ದ ಕಡೆ ಆ ಕೈಗಳು ಎಲ್ಲಿಂದ ಬರಬೇಕು? ಅದಕ್ಕೇ ನಾನು ಆ ನರ್ಸಮ್ಮನ ಮೇಲೆ ಸೇಡು ಇಟ್ಕೊಂಡಿಲ್ಲ. ಭುಜ ಸಿಕ್ಕಿಕೊಂಡಾಗ ಕೆಲವೇ ನಿಮಿಷದಲ್ಲಿ ಮಗು ಹೊರಗೆ ಬರಲಿಲ್ಲ ಅಂದ್ರೆ ಉಸಿರೇ ಇರಲ್ಲ. ಅವರು ನನ್ನ ಮಗಳ ಜೀವ ಉಳಿಸಿದ್ದೂ ಇರಬಹುದು. ಎಲ್ಲ ಸರಿಯಾಗಿ ಮಾಡಿದರೂ ಕೆಲವು ಸಲ ಈ ಪೆಟ್ಟು ಆಗುತ್ತೆ, ಅಪರೂಪಕ್ಕೆ ಸಿಸೇರಿಯನ್‌ನಲ್ಲೂ ಆಗುತ್ತೆ. ಪೆಟ್ಟಾಗಿದೆ ಅಂತ ಹೇಳದೆ ಇದ್ದದ್ದಕ್ಕೆ ನನ್ನ ಸಿಟ್ಟು. "ಮೂರು ತಿಂಗಳು ನೋಡಿ, ಕೈ ಮಡಚಲಿಲ್ಲ ಅಂದ್ರೆ ಇಂಥ ಕಡೆ ಹೋಗಿ" ಅನ್ನೋ ಒಂದು ವಾಕ್ಯ. ಅದಕ್ಕೆ ಬಜೆಟ್ ಬೇಕಾ?

ನಮ್ಮ ಕಚೇರಿಯ ಸೂಪರಿಂಟೆಂಡೆಂಟರ ಮೊಮ್ಮಗುವಿಗೂ ಇದೇ ಆಗಿತ್ತು ಅಂತ ಆಮೇಲೆ ಗೊತ್ತಾಯ್ತು. ಖಾಸಗಿ ಆಸ್ಪತ್ರೆ. ಎರಡನೇ ವಾರಕ್ಕೇ ಫಿಸಿಯೋಥೆರಪಿ, ಎರಡು ತಿಂಗಳಿಗೆ ತಜ್ಞರು. ಈಗ ಆ ಹುಡುಗ ಕ್ರಿಕೆಟ್ ಆಡ್ತಾನೆ. ಅವನದ್ದು ತಾನಾಗೇ ಸರಿಯಾಗೋ ಅಂಥ ಪೆಟ್ಟೇ ಇದ್ದಿರಬಹುದು, ಹೋಲಿಸಿ ತೀರ್ಪು ಕೊಡಲ್ಲ. ಆದರೆ ಅವರಿಗೆ ಹೇಳಿದರು, ನಮಗೆ ಹೇಳಲಿಲ್ಲ. ನರಕ್ಕೆ ಜಾತಿ ಇಲ್ಲ ನಿಜ. ನರದ ಬಗ್ಗೆ ಯಾರಿಗೆ ಹೇಳ್ತಾರೆ, ಯಾರಿಗೆ ಹೇಳಲ್ಲ ಅನ್ನೋದಕ್ಕೆ ಇದೆ.

ಮಗಳು ಐದನೇ ವರ್ಷಕ್ಕೆ ಬಂದಾಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಒಂದೇ ಹಾಳೆ ಬಂತು. ಹೆರಿಗೆ ರಿಜಿಸ್ಟರಿನ ಒಂದು ಸಾಲು: ಸಹಜ ಹೆರಿಗೆ, ಹೆಣ್ಣು, 4.1 ಕೆ.ಜಿ., ತಾಯಿ ಮಗು ಕ್ಷೇಮ. ಕೆಳಗೆ ನನ್ನ ಸಹಿ. ಇಪ್ಪತ್ತು ವರ್ಷದಿಂದ ಕಡತ ನೋಡ್ಕೊಂಡು ಬದುಕಿದವನು ನಾನು. ಕಡತದಲ್ಲಿ ಇಲ್ಲದ್ದು ನಡೆದೇ ಇಲ್ಲ, ಇದು ಸರ್ಕಾರದ ಮೊದಲ ನಿಯಮ. ನನ್ನ ಮಗಳ ಕೈಗೆ ಏನೂ ಆಗಿಲ್ಲ ಅಂತ ನಾನೇ ಸಹಿ ಹಾಕಿ ಕೊಟ್ಟಿದ್ದೆ.

ಕೇಸ್ ಹಾಕಬೇಕಿತ್ತು ಅಂತೀರಾ. ವಕೀಲ ಮಿತ್ರರನ್ನ ಕೇಳಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟಿದೆ. ಆದರೆ ಎಲ್ಲರಿಗೂ ಪೂರ್ತಿ ಉಚಿತವಾಗಿ ಸೇವೆ ಕೊಡೋ ಆಸ್ಪತ್ರೆ ಅದರೊಳಗೆ ಬರಲ್ಲ. ದುಡ್ಡು ಕೊಟ್ಟವನು ಗ್ರಾಹಕ, ನಾವು ಫಲಾನುಭವಿಗಳು. ಆಯಾಗೆ ಕೊಟ್ಟ ಮುನ್ನೂರಕ್ಕೆ ರಸೀದಿ ಇಸ್ಕೊಂಡಿದ್ದರೆ ನಾನೂ ಗ್ರಾಹಕ ಆಗ್ತಿದ್ದೆನೋ ಏನೋ! ಸಿವಿಲ್ ಕೋರ್ಟಿನ ದಾರಿ ಇತ್ತು. ದಾಖಲೆ ಏನಿದೆ ಅಂದರು ವಕೀಲರು. ಆ ಒಂದು ಸಾಲು ತೋರಿಸಿದೆ. ಅವರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

ಮಗಳಿಗೆ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಹೋದಾಗ ಬೋರ್ಡಿನವರು ಕೋನ ಅಳೆದು ಶೇಕಡಾ 35 ಅಂದರು. 2016ರ ಕಾಯ್ದೆಯಲ್ಲಿ ಮೀಸಲಾತಿಗೆ ಶೇಕಡಾ 40 ಬೇಕು. ಜಡೆ ಹಾಕ್ಕೊಳ್ಳೋಕೆ ಆಗಲ್ಲ, ಬೋರ್ಡಿನ ಮೇಲೆ ಬರೆಯೋಕೆ ಆಗಲ್ಲ, ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕೆ ಆಗಲ್ಲ. ಇದೆಲ್ಲ ಸೇರಿ 35.

ಎಡಗೈಲಿ ಬರೀತಾಳೆ, ಎಡಗೈಲಿ ಉಣ್ತಾಳೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗ ನಮ್ಮವರೇ, "ಎಡಗೈಲಿ ಉಣ್ತಾಳಲ್ಲೋ ನಿನ್ ಮಗಳು, ಹೇಳ್ಕೊಡೋಕಾಗಲ್ವಾ?" ಅಂತಾರೆ. ನಮ್ಮ ಜೊತೆ ಕೂತು ಉಣ್ಣಲ್ಲ ಅನ್ನೋರ ವಿರುದ್ಧ ಹೋರಾಡಿದ ಜನ ನಾವು. ನಮ್ಮ ಪಂಕ್ತಿಯೊಳಗೇ ಒಂದು ಕೈ ಮೈಲಿಗೆ.

ಅವಳು ಆರನೇ ಕ್ಲಾಸಿನಲ್ಲಿ ಒಂದು ದಿನ, ನನಗೊಬ್ಬಳಿಗೇ ಯಾಕಪ್ಪಾ ಹಿಂಗೆ ಅಂತ ಕೇಳಿದಳು. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮನ ಕಥೆ ಹೇಳಿದೆ. 1859ರಲ್ಲಿ ಅರಮನೆಯಲ್ಲಿ ಹುಟ್ಟಿದವನು, ವಿಕ್ಟೋರಿಯಾ ರಾಣಿಯ ಮೊದಲ ಮೊಮ್ಮಗ. ತಲೆ ಮೊದಲು ಬರದೆ ಅಡ್ಡಾದಿಡ್ಡಿ ಹೆರಿಗೆಯಾಗಿ ಎಡಗೈಯ ನರಕ್ಕೆ ಪೆಟ್ಟಾಯ್ತು. ಕೈ ಬೆಳೆಯಲೇ ಇಲ್ಲ. ಚಿಕ್ಕವನಿದ್ದಾಗ ಆಗ ತಾನೇ ಕೊಂದ ಮೊಲದ ಮೈಯೊಳಗೆ ಅವನ ಕೈ ಇಡಿಸ್ತಿದ್ದರು, ಬಿಸಿಗೆ ಕೈಗೆ ಶಕ್ತಿ ಬರುತ್ತೆ ಅಂತ. ಕರೆಂಟ್ ಕೊಟ್ಟರು, ಯಂತ್ರಕ್ಕೆ ಕಟ್ಟಿದರು. ದೊಡ್ಡವನಾಗಿ ಫೋಟೋ ತೆಗೆಸಿಕೊಳ್ಳುವಾಗೆಲ್ಲ ಆ ಕೈಯನ್ನ ಕತ್ತಿಯ ಹಿಡಿ ಮೇಲೋ, ಕೈಗವಸು ಹಿಡಿದ ಹಾಗೋ ಇಟ್ಟು ಮುಚ್ಚಿಡ್ತಿದ್ದ. ಎಲ್ಲ ಕೇಳಿ ಮಗಳು, "ಮೊಲ ಪಾಪ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನಾನು ಮುಚ್ಚಿಡಲ್ಲ" ಅಂದಳು.

ಮುಚ್ಚಿಟ್ಟವನು ನಾನು. ಅವಳ ಫೋಟೋ ಹಾಕುವಾಗೆಲ್ಲ ಎಡಗಡೆಯಿಂದ ತೆಗೆದದ್ದನ್ನೇ ಹಾಕ್ತಿದ್ದೆ.

ಈಗ ನಮ್ಮ ಸಂಘಟನೆಗಳಿಗೆ ಒಂದು ಮಾತು. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಹೆರಿಗೆ ಭತ್ಯೆ ಮಸೂದೆ ಪರವಾಗಿ ಮಾತಾಡಿದರು. ಹೆರಿಗೆ ಹೊತ್ತಿನಲ್ಲಿ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತದ ವಿಷಯ, ಸರ್ಕಾರವೂ ಅದರ ಖರ್ಚು ಹೊರಬೇಕು ಅನ್ನೋದು ಅವರ ವಾದ. ಅವರಿಗೆ ಅದು ಹೆಂಗಸರ ವಿಷಯ ಅನ್ನಿಸಲಿಲ್ಲ. ನಾವು ಎಷ್ಟು ಮನವಿ ಪತ್ರ ಕೊಟ್ಟಿದ್ದೀವಿ, ಒಂದರಲ್ಲಾದರೂ ಹೆರಿಗೆ ಕೋಣೆ ಇದೆಯಾ? ಹಾಸ್ಟೆಲ್ ಊಟ ನೋಡೋಕೆ ಹೋಗ್ತೀವಿ, ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಎಷ್ಟು ಜನ ನರ್ಸ್ ಇದ್ದಾರೆ ಅಂತ ಯಾರಾದರೂ ಕೇಳಿದ್ದೀವಾ?

ಕೇಳಬೇಕಾದ್ದು ಇವು. ಹೆರಿಗೆ ಹೊತ್ತಿನಲ್ಲಿ ತಾಯಿಯ ಜೊತೆ ಅವಳಿಗೆ ಬೇಕಾದ ಒಬ್ಬ ಹೆಣ್ಣುಮಗಳು ಇರಬೇಕು. 2017ರಲ್ಲಿ ಕೇಂದ್ರ ಸರ್ಕಾರ ತಂದ 'ಲಕ್ಷ್ಯ' ಕಾರ್ಯಕ್ರಮದಲ್ಲೇ ಇದು ಇದೆ, ಗೌರವದಿಂದ ನಡೆಸಿಕೊಳ್ಳೋದೂ ಇದೆ. ಅವ್ವನನ್ನ ಒಳಗೆ ಬಿಟ್ಟಿದ್ದರೆ ಆ ಬೈಗುಳ ಬೀಳ್ತಿರಲಿಲ್ಲ. ರಾತ್ರಿ ಪಾಳಿಗೆ ಸಾಕಷ್ಟು ಸಿಬ್ಬಂದಿ ಬೇಕು, ಭುಜ ಸಿಕ್ಕಿಕೊಂಡಾಗ ಏನು ಮಾಡಬೇಕು ಅನ್ನೋ ತರಬೇತಿ ಬೇಕು. ಪೆಟ್ಟಾದರೆ ಕೇಸ್ ಶೀಟಿನಲ್ಲಿ ಬರೀಬೇಕು. ದಾಖಲೆಯ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮ ಹೇಳುತ್ತೆ. ಕೇಳಿ. ಮನೆಗೆ ಹೋದ ಮೇಲಲ್ಲ, ಅಲ್ಲೇ ಕೇಳಿ. ಓದದೆ ಸಹಿ ಹಾಕಬೇಡಿ.

ಇನ್ನು ಮನೆಯವರಿಗೆ. ಮಗು ಹುಟ್ಟಿದ ದಿನವೇ ಬಟ್ಟೆ ಬಿಚ್ಚಿ ಎರಡೂ ಕೈ ನೋಡಿ. ಒಂದು ಕೈ ಆಡಿಸದೆ ಇದ್ದರೆ ಕೇಳಿ. ಕಾಲರ್ ಮೂಳೆ ಮುರಿದಿದ್ದರೂ ಹಾಗೇ ಕಾಣುತ್ತೆ, ಎಕ್ಸ್‌ರೇಯಲ್ಲಿ ಗೊತ್ತಾಗುತ್ತೆ. ಕೈ ಹಿಡಿದು ಮಗುವನ್ನ ಎತ್ತಬೇಡಿ, ಎಳೆದು ನೀವಬೇಡಿ, ಕಟ್ಟು ಹಾಕಿಸಬೇಡಿ. ಅಂಗಿ ಹಾಕುವಾಗ ಪೆಟ್ಟಾದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಯಾವಾಗಿಂದ, ಹೇಗೆ ಕೈ ಆಡಿಸಬೇಕು ಅಂತ ಫಿಸಿಯೋಥೆರಪಿಸ್ಟ್ ಹತ್ರ ಕಲಿತು ದಿನಾ ನಾಲ್ಕೈದು ಸಲ ನಿಧಾನವಾಗಿ ಮಾಡಿಸಿ, ಕೀಲು ಬಿಗೀಬಾರದು. ಬೆರಳೂ ಆಡ್ತಿಲ್ಲ, ಅದೇ ಕಡೆಯ ಕಣ್ಣುರೆಪ್ಪೆ ಜೋತುಬಿದ್ದಿದೆ ಅಂದ್ರೆ ಪೆಟ್ಟು ದೊಡ್ಡದು, ಮೂರು ತಿಂಗಳು ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು, ನನ್ನ ಮಗಳು ಹುಟ್ಟಿದ ಮೇಲೆ. ಅದರಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳಿಗೆ ಬೇಗ ಚಿಕಿತ್ಸೆ ಶುರು ಮಾಡೋ ಕೇಂದ್ರಗಳಿವೆ. ಅಲ್ಲಿಗೆ ಹೋಗಿ, ಮುಂದಕ್ಕೆ ಬರೆಸಿಕೊಳ್ಳಿ.

ಆಶಾ ಕಾರ್ಯಕರ್ತೆ ಮನೆಗೆ ಬರ್ತಾರೆ. 3, 7, 14, 21, 28, 42ನೇ ದಿನ, ಒಟ್ಟು ಆರು ಸಲ. ಅವರು ಹೇಳಿದ್ದನ್ನ ಕೇಳಿಸಿಕೊಳ್ಳಿ. ನಾನು ಅವರ ಹತ್ರ ಕ್ಷಮೆ ಕೇಳೋಕೆ ಹೋದಾಗ ಮಗಳಿಗೆ ಐದು ವರ್ಷ ಆಗಿತ್ತು. "ಬುಡಣ್ಣ" ಅಂದರು. ಟೀ ಮಾಡಿಕೊಟ್ಟರು. ಆಮೇಲೆ ಹೇಳಿದರು: ನಮ್ಮ ಮಗು ನೋಡಿದ ಮೇಲೆ ಪ್ರತಿ ಮನೆಯಲ್ಲೂ ಕೂಸಿನ ಎರಡೂ ಕೈ ನೋಡ್ತಾರಂತೆ. ಪಕ್ಕದ ಊರಲ್ಲಿ ಒಂದು ಗಂಡುಕೂಸಿಗೆ ಹಿಂಗೇ ಇತ್ತು, ಜಗಳ ಮಾಡಿ ಎರಡನೇ ತಿಂಗಳಿಗೇ ಬೆಂಗಳೂರಿಗೆ ಕಳಿಸಿದರಂತೆ. ಆ ಮನೆಯ ಗಂಡಸೂ "ನಿನಗೇನು ಗೊತ್ತು" ಅಂದನಂತೆ. ಇವರು ಬಿಡಲಿಲ್ಲ.

ಇದನ್ನ ಹಾಕೋ ಮೊದಲು ಮಗಳಿಗೆ ಓದಿ ಹೇಳಿದೆ, ಹಾಕಲಾ ಅಂತ ಕೇಳಿದೆ. "ಹಾಕಪ್ಪ. ಆದ್ರೆ ಅಯ್ಯೋ ಪಾಪ ಅಂತ ಕಮೆಂಟ್ ಮಾಡೋರ್ಗೆ ನೀನು ಥ್ಯಾಂಕ್ಸ್ ಹೇಳ್ಬಾರ್ದು" ಅಂದಳು. ಹೇಳಲ್ಲ. ಅದರ ಬದಲು ನಿಮ್ಮ ಕೇರಿಯಲ್ಲಿ ಈ ತಿಂಗಳು ಹುಟ್ಟಿದ ಕೂಸು ಯಾವುದಾದರೂ ಇದ್ದರೆ ಹೋಗಿ ಎರಡೂ ಕೈ ನೋಡಿ ಬನ್ನಿ.

ಎಡಗೈ ಬಲಗೈ ಚರ್ಚೆ ಮಾಡೋಣ, ಅದು ಬೇಡ ಅನ್ನಲ್ಲ, ಅದೂ ನ್ಯಾಯದ ವಿಷಯವೇ. ಆದರೆ ಆ ಫೋಟೋ ಕೆಳಗೆ ಬೇಡ. ಅಲ್ಲಿ ಇರೋದು ಒಬ್ಬ ಹುಡುಗಿಯ ಕೈ. ಮುಂದಿನ ಏಪ್ರಿಲ್‌ಗೂ ಅವಳು ಅದನ್ನೇ ಎತ್ತೋದು.

ಜೈ ಭೀಮ್.